ಅಜ್ಜಿಗೆ ಲ್ಯಾಟಿನ್, ಅಪ್ಪನಿಗೆ ಕನ್ನಡ, ಮಗಳಿಗೆ ತೆಲುಗು



ನಮ್ಮ ಫೋನ್-ಇನ್ ಕಾರ್ಯಕ್ರಮಕ್ಕೆ ಬರುವ ಕರೆಗಳಲ್ಲಿ ಹೆಚ್ಚಿನವು ಹಾಡಿಗಾಗಿ. ಅಣ್ಣಾವ್ರ ಹಾಡು ಹಾಕಿ, ನಮ್ಮ ಮನೆಯವರಿಗೆ ಹುಟ್ಟುಹಬ್ಬದ ಶುಭಾಶಯ ಹೇಳಿ, ಇಷ್ಟೇ. ಹಾಗಾಗಿ ಗುಣದಲ ಮಾತೆಯ ಹಬ್ಬದ ವಾರ ವಿಜಯವಾಡದ ಆಟೋನಗರ್‌ನಿಂದ ಬಂದ ಒಂದು ಕರೆ ನನಗೆ ಚೆನ್ನಾಗಿ ನೆನಪಿದೆ. ಹಿಂದೆ ಲಾರಿ ಬಾಡಿಗೆ ತಗಡು ಬಡಿಯುವ ಸದ್ದು. ಮಾತಾಡುತ್ತಿದ್ದವರು ಹಾಸನದ ಕಡೆಯವರು, ಅಲ್ಲಿ ಲಾರಿಗಳ ವೈರಿಂಗ್ ಕೆಲಸ ಮಾಡುತ್ತಾರೆ.

"ಮೇಡಂ, ಹಾಡು ಬೇಡ. ಒಂದು ಡೌಟು" ಎಂದರು.

ಅವರ ತಂದೆಯ ಊರು ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ ಆ ಹಳೇ ಚರ್ಚಿನ ಫೋಟೋವನ್ನು ನೀವೆಲ್ಲ ನೋಡಿರುತ್ತೀರಿ. ಫ್ರೆಂಚ್ ಪಾದ್ರಿಗಳು 1860ರ ಸುಮಾರಿಗೆ ಕಟ್ಟಿದ್ದು. ಇವರ ಅಜ್ಜಿ ಆ ಚರ್ಚಿನಲ್ಲಿ ಮಂಡಿಯೂರಿ ಕೇಳಿದ್ದು ಲ್ಯಾಟಿನ್ ಪೂಜೆ. ಅಪ್ಪ ಹುಡುಗನಾಗಿದ್ದಾಗ ಅದೇ ಚರ್ಚಿನಲ್ಲಿ ಪೂಜೆ ಕನ್ನಡಕ್ಕೆ ಬಂತು. ಆಮೇಲೆ ಅಣೆಕಟ್ಟು ಬಂತು, ಊರು ಎದ್ದುಹೋಯಿತು. ಈಗ ಇವರ ಮಗಳು ಗುಣದಲದ ಬೆಟ್ಟದ ಕೆಳಗೆ ತೆಲುಗಿನಲ್ಲಿ ಪ್ರಾರ್ಥನೆ ಹೇಳುತ್ತಾಳೆ.

"ಒಂದೇ ಮನೆ, ಒಂದೇ ದೇವರು, ಮೂರು ಭಾಷೆ. ಇದನ್ನೆಲ್ಲ ಯಾರು ತೀರ್ಮಾನ ಮಾಡೋದು ಮೇಡಂ? ಪೋಪ್ ಒಬ್ಬರೇನಾ, ಇಲ್ಲಾ ಏನಾದರೂ ಕಮಿಟಿ ಇದೆಯಾ?"

ನನಗೆ ಗೊತ್ತಿರಲಿಲ್ಲ. ಕನ್ನಡ ಬಿ.ಎ. ಓದಿದವಳು ನಾನು. ಕ್ರೈಸ್ತ ಪಾದ್ರಿಗಳು ಎಂದರೆ ಪರೀಕ್ಷೆಗೆ ಬರುವ ಕಿಟೆಲ್ ಅಷ್ಟೇ ಗೊತ್ತು, ಅವರೂ ಪ್ರಾಟೆಸ್ಟೆಂಟರು. ಅಂದು ಒಂದು ಹಾಡು ಹಾಕಿ ತಪ್ಪಿಸಿಕೊಂಡೆ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಮಿಟಿ ಇದೆ. ಅದಕ್ಕೆ ಮಹಾಸಭೆ ಎನ್ನುತ್ತಾರೆ. ಬುದ್ಧನ ನಂತರ ಭಿಕ್ಷುಗಳು ಸಂಗೀತಿಗಳಲ್ಲಿ ಸೇರಿ ಯಾವುದು ಬುದ್ಧವಚನ, ಯಾವುದಲ್ಲ ಎಂದು ಚರ್ಚಿಸಿದ್ದನ್ನು ಶಾಲೆಯಲ್ಲಿ ಓದಿದ್ದೇವಲ್ಲ, ಹೆಚ್ಚುಕಡಿಮೆ ಅದೇ ಬಗೆ. ಜಗತ್ತಿನ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು, ಒಂದೆಡೆ ಸೇರಿ ವಾದಿಸಿ ಮತ ಹಾಕುತ್ತಾರೆ. ಪೋಪ್ ಅದಕ್ಕೆ ಒಪ್ಪಿಗೆ ಕೊಟ್ಟ ಮೇಲೆ ಅದು ಇಡೀ ಧರ್ಮಸಭೆಗೆ ಕಟ್ಟಳೆ. ಕ್ಯಾಥೊಲಿಕರ ಲೆಕ್ಕದಲ್ಲಿ ಇಂಥ ಸಾರ್ವತ್ರಿಕ ಮಹಾಸಭೆಗಳು ಇಷ್ಟು ಶತಮಾನಗಳಲ್ಲಿ ನಡೆದಿರುವುದು 21 ಮಾತ್ರ.

ಮೊದಲನೆಯದು ಕ್ರಿ.ಶ. 325ರಲ್ಲಿ ನಿಸಿಯಾದಲ್ಲಿ, ಇಂದಿನ ಟರ್ಕಿಯ ಇಜ್ನಿಕ್ ಎಂಬ ಊರಲ್ಲಿ. ಕರೆದದ್ದು ಪೋಪ್ ಅಲ್ಲ, ಚಕ್ರವರ್ತಿ ಕಾನ್‌ಸ್ಟಂಟೈನ್. ಏಸು ದೇವರಿಗೆ ಸಮಾನನೋ, ದೇವರು ಸೃಷ್ಟಿಸಿದವನೋ ಎಂಬ ಜಗಳ ಅವನ ಸಾಮ್ರಾಜ್ಯವನ್ನು ಒಡೆಯುತ್ತಿತ್ತು. ಸಮಾನನಲ್ಲ ಎಂದ ಅರಿಯಸ್ ಎಂಬ ಪಾದ್ರಿ ಸೋತ. ಅಂದು ಬರೆದು, ಮುಂದೆ 381ರಲ್ಲಿ ಹಿಗ್ಗಿಸಿದ ವಿಶ್ವಾಸ ಪ್ರಮಾಣವನ್ನು ಇವತ್ತೂ ಚರ್ಚಿನಲ್ಲಿ ಎಲ್ಲರೂ ನಿಂತು ಹೇಳುತ್ತಾರೆ. ಆಟೋನಗರ್‌ನ ಆ ಹುಡುಗಿ ತೆಲುಗಿನಲ್ಲಿ ಹೇಳುವುದೂ ಅದನ್ನೇ. ಇಷ್ಟು ದೊಡ್ಡ ಪ್ರಶ್ನೆ ಬಗೆಹರಿಸಿದ ಸಭೆ, ಭಾನುವಾರ ಮಂಡಿಯೂರಬಾರದು, ನಿಂತೇ ಪ್ರಾರ್ಥಿಸಬೇಕು ಎಂದೂ ಒಂದು ಕಟ್ಟಳೆ ಮಾಡಿತ್ತು. ಅದನ್ನು ಜನ ಯಾವಾಗಲೋ ಮರೆತುಬಿಟ್ಟರು. 2025ಕ್ಕೆ ಈ ಸಭೆಗೆ 1700 ವರ್ಷ ತುಂಬಿತು. ಆ ನವೆಂಬರಿನಲ್ಲಿ ಪೋಪ್ 14ನೇ ಲಿಯೋ ಇಜ್ನಿಕ್‌ಗೇ ಹೋಗಿ ಪ್ರಾರ್ಥಿಸಿ ಬಂದರು.

ಎಲ್ಲ ಮಹಾಸಭೆಗಳ ಕತೆ ಹೇಳುತ್ತಾ ಹೋದರೆ ಈ ಸಂಚಿಕೆ ಸಾಲದು. ಒಂದೆರಡನ್ನು ಹೇಳಿ ಮುಂದೆ ಹೋಗುತ್ತೇನೆ. 1414ರಲ್ಲಿ ಕಾನ್‌ಸ್ಟನ್ಸ್‌ನಲ್ಲಿ ಸಭೆ ಸೇರಿದಾಗ ನಾನೇ ಪೋಪ್ ಎನ್ನುವವರು ಮೂವರಿದ್ದರು. ಸಭೆ ಆ ಮೂವರ ಅಧ್ಯಾಯ ಮುಗಿಸಿ 1417ರಲ್ಲಿ ಒಬ್ಬನನ್ನು ಆರಿಸಿತು. ಪೋಪ್‌ಗಿಂತ ಸಭೆ ದೊಡ್ಡದು ಎಂದು ಆಗ ಅನೇಕರಿಗೆ ಅನ್ನಿಸಿತ್ತು. ಅದೇ ಸಭೆ, ರಕ್ಷಣೆಯ ಮಾತು ಕೊಟ್ಟು ಕರೆಸಿಕೊಂಡಿದ್ದ ಬೊಹೀಮಿಯಾದ ಸುಧಾರಕ ಯಾನ್ ಹುಸ್‌ನನ್ನು 1415ರ ಜುಲೈ 6ರಂದು ಅಪರಾಧಿ ಎಂದು ತೀರ್ಪಿತ್ತಿತು, ಅಂದೇ ಅವನನ್ನು ಸುಟ್ಟರು. 1870ರ ಮೊದಲನೇ ವ್ಯಾಟಿಕನ್ ಮಹಾಸಭೆ ತಕ್ಕಡಿಯನ್ನು ಇನ್ನೊಂದು ಕಡೆಗೆ ವಾಲಿಸಿತು. ಧರ್ಮದ ವಿಷಯದಲ್ಲಿ ಪೋಪ್ ಪೀಠದಿಂದ ವಿಧಿವತ್ತಾಗಿ ಘೋಷಿಸಿದ ಮಾತು ತಪ್ಪಾಗಲಾರದು ಎಂಬ ನಿರ್ಣಯಕ್ಕೆ ಪರವಾಗಿ 533 ಮತ, ವಿರುದ್ಧ ಬರೀ 2. ಒಪ್ಪದ ಹಲವು ಬಿಷಪ್ಪರು ಮತದಾನಕ್ಕೆ ಮೊದಲೇ ಊರು ಬಿಟ್ಟಿದ್ದರು. ಅಸೆಂಬ್ಲಿಯಲ್ಲಿ ಸಭಾತ್ಯಾಗ ಮಾಡುವುದು ನಮ್ಮವರ ಆವಿಷ್ಕಾರವೇನಲ್ಲ!

ಗುಣದಲಕ್ಕೂ ಈ ಕತೆಗೂ ಒಂದು ನಂಟಿದೆ. ಮರಿಯಮ್ಮ ತಾಯಿಯ ಗರ್ಭದಲ್ಲಿ ಮೂಡಿದ ಕ್ಷಣದಿಂದಲೇ ಪಾಪರಹಿತಳು ಎಂದು 1854ರಲ್ಲಿ ಪೋಪ್ 9ನೇ ಪಿಯುಸ್ ಘೋಷಿಸಿದ್ದು ಯಾವ ಮಹಾಸಭೆಯನ್ನೂ ಕರೆಯದೆ, ಬಿಷಪ್ಪರಿಗೆ ಪತ್ರ ಬರೆದು ಅಭಿಪ್ರಾಯ ಕೇಳಿ. ನಾಲ್ಕು ವರ್ಷದ ನಂತರ, 1858ರ ಫೆಬ್ರವರಿ 11ರಂದು, ಫ್ರಾನ್ಸಿನ ಲೂರ್ದ್‌ನಲ್ಲಿ ಬಡ ಹುಡುಗಿಯೊಬ್ಬಳಿಗೆ ಮಾತೆ ಮೊದಲ ಬಾರಿ ಕಾಣಿಸಿಕೊಂಡಳು ಎಂಬುದು ಭಕ್ತರ ನಂಬಿಕೆ. ಮುಂದೆ ಅವಳು ತನ್ನ ಹೆಸರನ್ನು ಹೇಳಿದ್ದೂ ಆ ಘೋಷಣೆಯ ಮಾತಿನಲ್ಲೇ. ಆ ಲೂರ್ದ್ ಮಾತೆಯ ವಿಗ್ರಹವನ್ನೇ ಇಟಲಿಯ ಫಾದರ್ ಅರ್ಲಾತಿ 1924ರಲ್ಲಿ ಗುಣದಲದಲ್ಲಿ ತಂದಿಟ್ಟರು. ಇವತ್ತು ಅಲ್ಲಿ ತೆಂಗಿನಕಾಯಿ ಒಡೆಯುತ್ತಾರೆ, ಮುಡಿ ಕೊಡುತ್ತಾರೆ. ಇವಕ್ಕೆ ಯಾವ ಸಭೆಯೂ ಠರಾವು ಪಾಸು ಮಾಡಿಲ್ಲ, ಜನ ತಾವಾಗಿ ತಂದುಕೊಂಡದ್ದು.

ಈಗ ಭಾಷೆಯ ಪ್ರಶ್ನೆ. ಪೂಜೆ ಲ್ಯಾಟಿನ್‌ನಲ್ಲೇ ಉಳಿಯಲು ಬಲವಾದ ಕಾರಣ ಟ್ರೆಂಟ್ ಮಹಾಸಭೆ. ಇಟಲಿಯ ಉತ್ತರದ ಟ್ರೆಂಟ್ ಪಟ್ಟಣದಲ್ಲಿ 1545ರಿಂದ 1563ರವರೆಗೆ ಬಿಟ್ಟು ಬಿಟ್ಟು ನಡೆಯಿತು. ಲೂಥರ್ ಮತ್ತು ಅವನ ಕಡೆಯವರು ಆಡುಮಾತಿನಲ್ಲಿ ಪೂಜೆ ಆಗಬೇಕು ಎಂದು ಹಟ ಹಿಡಿದ ಕಾಲ ಅದು. ಪೂಜೆ ಆಡುಮಾತಿನಲ್ಲೇ ಆಗಬೇಕು ಎನ್ನುವವರು ತಪ್ಪು ಎಂದು ಸಭೆ 1562ರಲ್ಲಿ ಹೇಳಿತು. ಆಡುಮಾತು ಕೂಡದೇ ಕೂಡದು ಎಂದೇನೂ ಹೇಳಲಿಲ್ಲ. ಆದರೆ ಎದುರಾಳಿ ಕೇಳಿದ್ದನ್ನು ಕೊಡುವುದು ಹೇಗೆ? ಬಾಗಿಲು ನಾನೂರು ವರ್ಷ ಮುಚ್ಚಿಕೊಂಡಿತು.

ಟ್ರೆಂಟಿನ ಕಟ್ಟಳೆಗಳು ನಮ್ಮ ಕಡಲತೀರಕ್ಕೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. 1567ರಲ್ಲಿ ಗೋವೆಯಲ್ಲಿ ಮೊದಲ ಪ್ರಾಂತೀಯ ಸಭೆ ಸೇರಿತು. 1599ರ ಜೂನ್‌ನಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಕೇರಳಕ್ಕೇ ಹೋಗಿ, ಕೊಚ್ಚಿಯ ಹತ್ತಿರದ ಉದಯಂಪೇರೂರಿನಲ್ಲಿ ಸಭೆ ಕರೆದರು. ಅಲ್ಲಿದ್ದ ಸಂತ ತೋಮರ ಕ್ರೈಸ್ತರು ಪೋರ್ಚುಗೀಸರು ಬರುವುದಕ್ಕೆ ಶತಮಾನಗಳ ಮೊದಲೇ ಕ್ರೈಸ್ತರು. ಅವರ ಪೂಜೆಯ ಭಾಷೆ ಸಿರಿಯಾಕ್. ಏಸು ಆಡಿದ ಅರಾಮಿಕ್‌ಗೆ ತೀರಾ ಹತ್ತಿರದ ನುಡಿ. ಒಂದೇ ವಾರದಲ್ಲಿ ಸಭೆ ಮುಗಿಯಿತು. ಗುರುಗಳು, ಗೃಹಸ್ಥರು ಸಾಲಾಗಿ ಸಹಿ ಹಾಕಿದರು. ಅವರ ಸಿರಿಯಾಕ್ ಗ್ರಂಥಗಳನ್ನು ತಂದೊಪ್ಪಿಸಬೇಕು ಎಂದು ಆಜ್ಞೆಯಾಯಿತು, ಕೆಲವನ್ನು ತಿದ್ದಿದರು, ಹಲವನ್ನು ಸುಟ್ಟರು. ಹೀಗೆ ಒಪ್ಪಿಸಿದ ಒಗ್ಗಟ್ಟು ಐವತ್ತು ವರ್ಷ ಹೇಗೋ ಉಳಿಯಿತು. 1653ರಲ್ಲಿ ಮಟ್ಟಾಂಚೇರಿಯಲ್ಲಿ ಜನ ಶಿಲುಬೆಯ ಮುಂದೆ ಪ್ರಮಾಣ ಮಾಡಿ ಬೇರೆಯಾದರು. ಸಭೆ ಕರೆಯುವುದು ಬೇರೆ, ಸಭಿಕರ ಮಾತು ಕೇಳುವುದು ಬೇರೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಿಲ್ಲ.

ಶೆಟ್ಟಿಹಳ್ಳಿಗೆ ಪಾದ್ರಿಗಳನ್ನು ಕಳಿಸಿದ ಫ್ರೆಂಚ್ ಮಿಷನ್ 1844ರಲ್ಲಿ ಪಾಂಡಿಚೇರಿಯಲ್ಲಿ ಒಂದು ಸಭೆ ನಡೆಸಿತ್ತು. ನಾಡಿನವರನ್ನೇ ಓದಿಸಿ ಗುರುಗಳನ್ನಾಗಿ ಮಾಡುವುದಕ್ಕೆ ಅದು ಒತ್ತು ಕೊಟ್ಟಿತು. ಆಮೇಲೆ ಮೈಸೂರು ಸೀಮೆ ಬೇರೆ ಮಿಷನ್ ಆಯಿತು, ಶಾರ್ಬೊನೊ ಅದರ ಮುಖ್ಯಸ್ಥರಾದರು. ಅವರು ಕನ್ನಡ ಕಲಿತವರು. ಅವರ ಕಾಲದಲ್ಲೇ ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ ಲ್ಯಾಟಿನ್-ಕನ್ನಡ ನಿಘಂಟು ಹೊರಬಂತು. ಕಿಟೆಲ್ ನಿಘಂಟಿಗಿಂತ ದಶಕಗಳಷ್ಟು ಮೊದಲು! ನಮ್ಮ ತರಗತಿಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಅಂದರೆ ಅಜ್ಜಿಯ ಕಾಲದಲ್ಲೂ ಉಪದೇಶ ಕನ್ನಡದಲ್ಲಿತ್ತು, ಜಪಸರ ಕನ್ನಡದಲ್ಲಿತ್ತು, ಹಾಡೂ ಇತ್ತು. ಪೂಜೆಯ ಮಂತ್ರಭಾಗವೊಂದೇ ಲ್ಯಾಟಿನ್. ಗುರುಗಳು ಪೀಠದ ಕಡೆ ಮುಖ ಮಾಡಿ ಮೆಲ್ಲಗೆ ಹೇಳುವರು, ಅಜ್ಜಿ ತನ್ನ ಪಾಡಿಗೆ ಕನ್ನಡದಲ್ಲಿ ಜಪಸರ ಎಣಿಸುವರು.

ಇದನ್ನು ಬದಲಿಸಿದ ಮುದುಕರ ಬಗ್ಗೆ ಒಂದಿಷ್ಟು ಹೇಳಬೇಕು. ಪೋಪ್ 23ನೇ ಜಾನ್ 1958ರಲ್ಲಿ ಆಯ್ಕೆಯಾದಾಗ 76 ವರ್ಷ. ವಯಸ್ಸಾದವರು, ನಾಲ್ಕು ದಿನ ಇರುತ್ತಾರೆ, ಏನೂ ಮಾಡುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಮೂರೇ ತಿಂಗಳಲ್ಲಿ, 1959ರ ಜನವರಿ 25ರಂದು, ಮಹಾಸಭೆ ಕರೆಯುತ್ತೇನೆ ಎಂದುಬಿಟ್ಟರು. 1962ರ ಅಕ್ಟೋಬರ್ 11ರಂದು ರೋಮಿನ ಸಂತ ಪೇತ್ರರ ದೇವಾಲಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಬಿಷಪ್ಪರು ಸೇರಿದರು. ಆ ರಾತ್ರಿ ಕಿಟಕಿಯಿಂದ ಪೋಪ್ ಆಡಿದ ಪುಟ್ಟ ಭಾಷಣದ ಧ್ವನಿಮುದ್ರಣ ಉಳಿದಿದೆ. ಚಂದ್ರನ ಕಡೆ ಕೈತೋರಿಸಿ ಮಾತಾಡಿ, ಕೊನೆಗೆ ಮನೆಗೆ ಹೋಗಿ ನಿಮ್ಮ ಮಕ್ಕಳ ತಲೆ ನೇವರಿಸಿ, ಇದು ಪೋಪ್ ನೇವರಿಸಿದ್ದು ಎಂದು ಹೇಳಿ ಎಂದರು. ಮೈಕಿನ ಮುಂದೆ ಕೂತು ಬದುಕುವ ನಾನು ಅದನ್ನು ಮೂರು ಸಲ ಕೇಳಿದೆ. ಇಟಾಲಿಯನ್ ಬಾರದಿದ್ದರೂ ಆ ದನಿ ಅರ್ಥವಾಗುತ್ತದೆ.

ಒಳಗೆ ಮಾತ್ರ ಭಾಷಣವೆಲ್ಲ ಲ್ಯಾಟಿನ್. ಅರ್ಥವಾಗದೆ ಒದ್ದಾಡಿದ ಬಿಷಪ್ಪರು ಕಡಿಮೆಯೇನಿರಲಿಲ್ಲ. ಬಾಸ್ಟನ್ನಿನ ಕಾರ್ಡಿನಲ್ ಕುಶಿಂಗ್ ಭಾಷಾಂತರದ ಯಂತ್ರಕ್ಕೆ ತಾನೇ ದುಡ್ಡು ಕೊಡುತ್ತೇನೆ ಎಂದರು. ಆಂಟಿಯೋಕಿನ ಹಿರಿಯ ಪಿತಾಮಹ 4ನೇ ಮ್ಯಾಕ್ಸಿಮೋಸ್ ಎದ್ದು ನಿಂತು ಫ್ರೆಂಚ್‌ನಲ್ಲೇ ಮಾತಾಡಿದರು. ಲ್ಯಾಟಿನ್ ನಮ್ಮ ಸಭೆಯ ಭಾಷೆಯೇ ಅಲ್ಲ, ಪೂರ್ವದ ಕ್ರೈಸ್ತರು ಮೊದಲಿನಿಂದ ಜನರ ಭಾಷೆಯಲ್ಲೇ ಪೂಜೆ ಮಾಡುತ್ತ ಬಂದಿದ್ದೇವೆ ಎಂಬುದು ಅವರ ವಾದ.

ಜಾನ್ 1963ರ ಜೂನ್‌ನಲ್ಲಿ ತೀರಿಕೊಂಡರು. 6ನೇ ಪೌಲ್ ಸಭೆಯನ್ನು ಮುಂದುವರಿಸಿದರು. 1963ರ ಡಿಸೆಂಬರ್ 4ರಂದು ಪೂಜಾವಿಧಿಯ ಸಂವಿಧಾನ ಮತಕ್ಕೆ ಬಂತು. ಪರವಾಗಿ 2147, ವಿರುದ್ಧ 4. ದಿನ ಗಮನಿಸಿ. ಟ್ರೆಂಟ್ ಮಹಾಸಭೆ ಮುಗಿದದ್ದು 1563ರ ಡಿಸೆಂಬರ್ 4ರಂದು. ಸರಿಯಾಗಿ ನಾನೂರು ವರ್ಷ.

ಆ ದಾಖಲೆ ಲ್ಯಾಟಿನ್ ತೆಗೆದುಹಾಕಿ ಎನ್ನಲಿಲ್ಲ. ಲ್ಯಾಟಿನ್ ಉಳಿಯಲಿ, ಆದರೆ ತಾಯ್ನುಡಿಯಿಂದ ಜನಕ್ಕೆ ಅನುಕೂಲವಾಗುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಡಬಹುದು, ಎಲ್ಲಿ ಎಷ್ಟು ಎಂಬುದನ್ನು ಆಯಾ ನಾಡಿನ ಬಿಷಪ್ಪರು ರೋಮಿನ ಒಪ್ಪಿಗೆ ಪಡೆದು ನಿರ್ಧರಿಸಲಿ ಎಂದಿತು. ಇಷ್ಟು ಸಾಕಾಯಿತು. 1965ರ ಮಾರ್ಚ್ 7ರಂದು ಪೋಪ್ ತಾವೇ ರೋಮಿನ ಒಂದು ಚರ್ಚಿನಲ್ಲಿ ಇಟಾಲಿಯನ್‌ನಲ್ಲಿ ಪೂಜೆ ಮಾಡಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಹಳ್ಳಿ ಹಳ್ಳಿಗಳಲ್ಲಿ ಗುರುಗಳು ಜನರ ಕಡೆ ತಿರುಗಿ ನಿಂತು ಜನರ ಮಾತಿನಲ್ಲಿ ಪೂಜೆ ಹೇಳುತ್ತಿದ್ದರು.

ಶೆಟ್ಟಿಹಳ್ಳಿಯ ಪಾಲಿಗೆ ಇದು ದೂರದ ರೋಮಿನ ಸುದ್ದಿಯಷ್ಟೇ ಆಗಿರಲಿಲ್ಲ. ಆ ಮತದಾನಕ್ಕೆ ಮೂರು ವಾರ ಕೂಡ ಇಲ್ಲದಿರುವಾಗ, 1963ರ ನವೆಂಬರ್ 16ರಂದು, ಹಾಸನವನ್ನೂ ಸೇರಿಸಿಕೊಂಡು ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿತು. ಮೊದಲ ಬಿಷಪ್ ಉಡುಪಿ ಕಡೆಯ ಅಲ್ಫೋನ್ಸಸ್ ಮಥಾಯಸ್, ಆಗಿನ್ನೂ 35 ವರ್ಷ. ಮಹಾಸಭೆಯ ಕೊನೆಯ ಎರಡು ಅಧಿವೇಶನಗಳಲ್ಲಿ ಅವರು ಕೂತಿದ್ದರು. ಅಂದರೆ ಪೂಜೆ ಕನ್ನಡಕ್ಕೆ ಬಂದ ವರ್ಷಗಳಲ್ಲಿ ಶೆಟ್ಟಿಹಳ್ಳಿಯವರ ಬಿಷಪ್ ಆ ಮಹಾಸಭೆಯನ್ನು ಕಣ್ಣಾರೆ ಕಂಡು ಬಂದವರೇ.

ಬೆಂಗಳೂರಿನಲ್ಲಿ ಆಗ ಆರ್ಚ್‌ಬಿಷಪ್ ಆಗಿದ್ದವರು ಥಾಮಸ್ ಪೋತಕಮೂರಿ. ಗುಂಟೂರು ಸೀಮೆಯ ತೆಲುಗರು, ಗುಂಟೂರಿನ ಮೊದಲ ಬಿಷಪ್ ಆಗಿದ್ದವರು. ಆಟೋನಗರ್‌ನಿಂದ ನೋಡಿದರೆ ಕೃಷ್ಣಾ ನದಿಯ ಆಚೆ ದಡದವರು! 1942ರಿಂದ 1968ರವರೆಗೆ ಬೆಂಗಳೂರು ಅವರ ಕೈಯಲ್ಲಿತ್ತು. ನಮ್ಮ ಸಂವಿಧಾನ ಜಾರಿಗೆ ಬಂದ 1950ರ ಜನವರಿ ತಿಂಗಳಲ್ಲೇ ಭಾರತದ ಬಿಷಪ್ಪರೆಲ್ಲರ ಮೊದಲ ರಾಷ್ಟ್ರೀಯ ಸಭೆ ಸೇರಿದ್ದು ಅವರ ಬೆಂಗಳೂರಿನಲ್ಲಿ. ಪೋಪ್ ಪ್ರತಿನಿಧಿಯಾಗಿ ಅಧ್ಯಕ್ಷತೆ ವಹಿಸಿದವರು ಮಾತ್ರ ಆಸ್ಟ್ರೇಲಿಯಾದ ಸಿಡ್ನಿಯ ಕಾರ್ಡಿನಲ್ ಗಿಲ್‌ರಾಯ್. 1969ರ ಮೇ ತಿಂಗಳಲ್ಲಿ ಧರ್ಮಾರಾಮ್ ಕಾಲೇಜಿನಲ್ಲಿ ಇನ್ನೊಂದು ದೊಡ್ಡ ಸಮಾಲೋಚನೆ ನಡೆದಾಗ ಚಿತ್ರವೇ ಬೇರೆ. ಗುರುಗಳು, ಸಿಸ್ಟರ್‌ಗಳು, ಗೃಹಸ್ಥರು ಬಿಷಪ್ಪರ ಜೊತೆ ಕೂತು ಮಾತಾಡಿದರು. ಅದೇ ವರ್ಷ ರೋಮ್ ಭಾರತಕ್ಕಾಗಿ ಹನ್ನೆರಡು ಬದಲಾವಣೆಗಳಿಗೆ ಒಪ್ಪಿಗೆ ಕೊಟ್ಟಿತ್ತು. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂರಬಹುದು, ಕೈ ಮುಗಿಯಬಹುದು, ಎಣ್ಣೆದೀಪ ಹಚ್ಚಬಹುದು, ಆರತಿ ಎತ್ತಬಹುದು. ಇದರ ಹಿಂದೆ ಓಡಾಡಿದ ಫಾದರ್ ಅಮಲೋರ್ಪವದಾಸ್ ಮುಂದೆ ಮೈಸೂರಿನಲ್ಲಿ ಅಂಜಲಿ ಆಶ್ರಮ ಕಟ್ಟಿದರು. ಎಲ್ಲರೂ ಮೆಚ್ಚಲಿಲ್ಲ. ಇದು ಹಿಂದೂ ಪದ್ಧತಿ ಎಂದು ಕೆಲವರು, ಇದು ಮೇಲ್ಜಾತಿಯ ಪದ್ಧತಿ, ನಮ್ಮದಲ್ಲ ಎಂದು ದಲಿತ ಕ್ರೈಸ್ತರಲ್ಲಿ ಹಲವರು. ಎರಡನೆಯ ಮಾತಿನಲ್ಲಿ ತೂಕವಿದೆ ಎಂದು ನನ್ನ ಎಣಿಕೆ.

ಆದರೆ ಬೆಂಗಳೂರು ಹೊತ್ತಿಕೊಂಡದ್ದು ಆರತಿಯಿಂದಲ್ಲ, ಭಾಷೆಯಿಂದ. ಮಹಾಸಭೆ ಜನರ ತಾಯ್ನುಡಿ ಎಂದು ಹೇಳಿ ಎದ್ದುಹೋಗಿತ್ತು. ಬೆಂಗಳೂರಿನಲ್ಲಿ ಯಾವ ಜನ? ದಂಡು ಪ್ರದೇಶದಲ್ಲಿ ಬ್ರಿಟಿಷ್ ಸೈನ್ಯದ ಕಾಲದಿಂದ ನೆಲೆಸಿದ ತಮಿಳರು, ಸುತ್ತಲ ಹಳ್ಳಿಗಳಲ್ಲಿ ಕನ್ನಡಿಗರು, ಮಂಗಳೂರಿನಿಂದ ಬಂದ ಕೊಂಕಣಿಗರು, ಮಲಯಾಳಿಗಳು, ತೆಲುಗರು, ಇಂಗ್ಲಿಷಿನವರು. ಲ್ಯಾಟಿನ್ ಇದ್ದಾಗ ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ದೂರಿರಲಿಲ್ಲ. ಅದು ಹೋದ ಕೂಡಲೇ ಭಾನುವಾರ ಬೆಳಗಿನ ಆರೂವರೆ ಯಾರಿಗೆ, ಎಂಟು ಗಂಟೆ ಯಾರಿಗೆ ಎಂಬ ಜಗಳ ಶುರುವಾಯಿತು. ನಾಡಿನ ರಾಜಧಾನಿಯಲ್ಲೇ ನಮ್ಮ ನುಡಿಗೆ ಪೀಠದ ಮುಂದೆ ಜಾಗವಿಲ್ಲವೇ ಎಂದು ಕನ್ನಡ ಕ್ರೈಸ್ತರು ಕೇಳಿದರು. ತಲೆಮಾರುಗಳಿಂದ ಇಲ್ಲೇ ಹುಟ್ಟಿ ಬೆಳೆದ ನಾವು ಯಾವ ನುಡಿಯಲ್ಲಿ ಅಳಬೇಕು ಎಂದು ತಮಿಳರು ಕೇಳಿದರು. ಮೆರವಣಿಗೆ, ಧರಣಿ, ಚರ್ಚಿನೊಳಗೇ ಗಲಾಟೆ, ಎಲ್ಲ ಆಯಿತು. 1986ರಲ್ಲಿ ಈ ಬಿಸಿ ಕುರ್ಚಿಗೆ ಬಂದವರು ಅದೇ ಚಿಕ್ಕಮಗಳೂರಿನ ಮಥಾಯಸ್. ಹನ್ನೆರಡು ವರ್ಷ ಅದರಲ್ಲಿದ್ದು 1998ರಲ್ಲಿ, ನಿವೃತ್ತಿಯ ವಯಸ್ಸಿಗೆ ಮೊದಲೇ, ರಾಜೀನಾಮೆ ಕೊಟ್ಟರು. 2024ರ ಜುಲೈನಲ್ಲಿ, 96ನೇ ವಯಸ್ಸಿನಲ್ಲಿ ತೀರಿಕೊಂಡರು.

ಕನ್ನಡಿಗರ ಕೇಳಿಕೆ ನ್ಯಾಯವಾದದ್ದು ಎಂದೇ ನಾನು ಇಂದಿಗೂ ಅಂದುಕೊಳ್ಳುತ್ತೇನೆ. ಹನ್ನೆರಡನೇ ಶತಮಾನದಲ್ಲೇ ದೇವರ ಜೊತೆ ಕನ್ನಡದಲ್ಲಿ ಮಾತಾಡಿದ ನಾಡು ನಮ್ಮದು. ಆದರೆ ಈ ಕಾರ್ಯಕ್ರಮ ನಡೆಸಲು ಶುರು ಮಾಡಿದ ಮೇಲೆ ತಮಿಳರ ಪ್ರಶ್ನೆಯೂ ಕಿವಿಗೆ ಬೀಳುತ್ತದೆ. ಯಾಕೆಂದರೆ ನಮ್ಮ ಕೇಳುಗರೆಲ್ಲ ಬೇರೆ ಊರಿನಲ್ಲಿ ಅರ್ಧ ಗಂಟೆ ಕನ್ನಡಕ್ಕಾಗಿ ಕಾಯುವವರು. ಆಟೋನಗರ್‌ನಲ್ಲಿ ನಾವೇ ತಮಿಳರು.

ಇನ್ನೊಂದು ಮಹಾಸಭೆ ಈವರೆಗೆ ನಡೆದಿಲ್ಲ. 1965ರಲ್ಲಿ 6ನೇ ಪೌಲ್ ಸ್ಥಾಪಿಸಿದ ಬಿಷಪ್ಪರ ಸಿನೊಡ್ ಮಾತ್ರ ಆಗಾಗ ಸೇರುತ್ತದೆ. ಅದು ಸಲಹೆ ಕೊಡುವ ಸಭೆ. 2023ರ ಅಕ್ಟೋಬರಿನಲ್ಲಿ ಪೋಪ್ ಫ್ರಾನ್ಸಿಸ್ ಅದರಲ್ಲಿ ಹೆಂಗಸರಿಗೂ ಗೃಹಸ್ಥರಿಗೂ ಮೊದಲ ಬಾರಿ ಮತ ಕೊಟ್ಟರು. ನಿಸಿಯಾದಿಂದ ಲೆಕ್ಕ ಹಾಕಿದರೆ ಸುಮಾರು 1700 ವರ್ಷ ಹಿಡಿಯಿತು.

ಇಷ್ಟನ್ನೂ ತಿಳಿದುಕೊಂಡು ಆಟೋನಗರ್‌ಗೆ ನಾನೇ ಫೋನ್ ಮಾಡಿದೆ. ಅವರು ಲಾರಿಯ ಕೆಳಗಿದ್ದರು, ಎದ್ದು ಬಂದು ಮಾತಾಡಿದರು. ಎಲ್ಲ ಕೇಳಿಸಿಕೊಂಡು, "ಅಜ್ಜಿಗೆ ಲ್ಯಾಟಿನ್‌ನಲ್ಲಿ ಒಂದೇ ಒಂದು ಮಾತು ಬರ್ತಿತ್ತು ಮೇಡಂ, ಕೀರಿಯೆ, ಕೀರಿಯೆ ಅಂತಿದ್ದರು. ಏನದು?" ಎಂದರು.

ಅದು ಲ್ಯಾಟಿನ್ ಅಲ್ಲ, ಗ್ರೀಕ್ ಎಂದೆ. ಸ್ವಾಮೀ ಎಂದು ಕರೆಯುವುದು. ಮೊದಮೊದಲು ರೋಮಿನಲ್ಲೂ ಪೂಜೆ ನಡೆಯುತ್ತಿದ್ದದ್ದು ಗ್ರೀಕ್‌ನಲ್ಲಿ. ಊರಿನ ಜನಕ್ಕೆ ಗ್ರೀಕ್ ಬರುವುದಿಲ್ಲ, ಅವರ ಮಾತು ಲ್ಯಾಟಿನ್ ಎಂದು ನಾಲ್ಕನೇ ಶತಮಾನದ ಹೊತ್ತಿಗೆ ಲ್ಯಾಟಿನ್‌ಗೆ ಬದಲಾಯಿಸಿದರು. ಲ್ಯಾಟಿನ್ ಪೂಜೆಯಲ್ಲೂ ಆ ಮಾತು ಗ್ರೀಕ್‌ನಲ್ಲೇ ಇತ್ತು.

"ಓ, ಹಂಗಾದ್ರೆ ನಮ್ಮಜ್ಜಿಗೆ ಗ್ರೀಕ್ ಬರ್ತಿತ್ತು" ಎಂದು ನಕ್ಕರು. ಆಮೇಲೆ ಯಾರನ್ನೋ ತೆಲುಗಿನಲ್ಲಿ ಕೂಗಿ ಟೆಸ್ಟರ್ ತರಲು ಹೇಳಿದರು.